ಬೋಂಡಾ ಕರಿದು ಬಿಟ್ಟ ಎಣ್ಣೆಯಿಂದ ಇಂಧನ ಮಾಡಿ ವಿಮಾನ ಹಾರಿಸಬಹುದು, ಇನ್ನು ವಿಮಾನ ಪ್ರಯಾಣವೂ ಹಸಿರು ಅನ್ನುವ ಮಾತು ಕೇಳಿರುತ್ತೀರಿ. ಹಾರುತ್ತದೆ, ಸರಿ. ಎಷ್ಟು ವಿಮಾನ?

2022ರ ನವೆಂಬರ್ 11. ಬೆಂಗಳೂರಿನಲ್ಲಿ ಅವತ್ತು ಒಂದೇ ದಿನ ಎರಡು ದೊಡ್ಡ ಉದ್ಘಾಟನೆ ಇತ್ತು. ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಪ್ರಧಾನಿ ಮೈಸೂರು–ಚೆನ್ನೈ ವಂದೇ ಭಾರತ್‌ಗೆ ಹಸಿರು ಬಾವುಟ ತೋರಿಸಿದರು. ದಕ್ಷಿಣ ಭಾರತಕ್ಕೆ ಬಂದ ಮೊದಲ ವಂದೇ ಭಾರತ್ ಅದು. ಅಲ್ಲಿಂದ ಹೊರಟು ವಿಮಾನ ನಿಲ್ದಾಣಕ್ಕೆ ಹೋಗಿ ಎರಡನೇ ಟರ್ಮಿನಲ್ ಉದ್ಘಾಟಿಸಿದರು, 108 ಅಡಿಯ ಕೆಂಪೇಗೌಡರ ಪ್ರತಿಮೆಯನ್ನೂ ಅನಾವರಣ ಮಾಡಿದರು. ನನ್ನ ವಾಟ್ಸಾಪ್‌ಗೆ ಅವತ್ತು ಬಂದ ಫೋಟೋಗಳೆಲ್ಲ ಟರ್ಮಿನಲ್‌ದೇ. ಬಿದಿರಿನ ಚಾವಣಿ, ಮೇಲಿನಿಂದ ಜೋತುಬಿದ್ದ ಗಿಡಬಳ್ಳಿ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ರೈಲಿನ ಫೋಟೋ ಕಳಿಸಿದ್ದು ಒಬ್ಬರೇ. ಅವರು ರೈಲ್ವೆಯಲ್ಲಿ ಕೆಲಸ ಮಾಡುವವರು.

ಆ ಟರ್ಮಿನಲ್ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಪರಿಸರದ ಲೆಕ್ಕ ಹಾಕುವುದಾದರೆ ಅವತ್ತಿನ ದೊಡ್ಡ ಸುದ್ದಿ ಆ ರೈಲು. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬರಬೇಕು.

ವಿಮಾನ ನಿಲ್ದಾಣಗಳು "ನಾವು ಹಸಿರು" ಅಂದಾಗ ಏನನ್ನು ಎಣಿಸುತ್ತಾರೆ ಅನ್ನೋದನ್ನು ಮೊದಲು ನೋಡೋಣ. ಕೊಚ್ಚಿ ವಿಮಾನ ನಿಲ್ದಾಣ 2015ರ ಆಗಸ್ಟ್‌ನಿಂದ ಪೂರ್ತಿ ಸೌರಶಕ್ತಿಯಲ್ಲೇ ನಡೆಯುತ್ತಿದೆ. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ವಿಮಾನ ನಿಲ್ದಾಣ ಅದು. ನಿಜವಾಗಿಯೂ ಒಳ್ಳೆ ಕೆಲಸ. ಬೆಂಗಳೂರಿನದ್ದೂ ಸೌರ, ಗಾಳಿ ವಿದ್ಯುತ್, ಮಳೆನೀರು ಅಂತ ಬಹಳ ಕೆಲಸ ಮಾಡಿದೆ. ಆದರೆ ಈ ಲೆಕ್ಕಗಳಲ್ಲಿ ಮುಖ್ಯವಾಗಿ ಬರುವುದು ಕಟ್ಟಡದ ಎಸಿ, ದೀಪ, ಎಸ್ಕಲೇಟರ್, ರನ್‌ವೇ ಪಕ್ಕ ಓಡಾಡುವ ಬಸ್ಸು. ಆ ಕಟ್ಟಡದ ಮುಂದೆ ಬಂದು ನಿಂತು, ಹೊಟ್ಟೆ ತುಂಬ ಇಂಧನ ತುಂಬಿಕೊಂಡು ಹಾರಿಹೋಗುತ್ತದಲ್ಲ, ಅದರ ಹೊಗೆ ಬೇರೆ ಖಾತೆ. ಮದುವೆ ಮಾಡಿದವರು ಛತ್ರದ ಕರೆಂಟ್ ಬಿಲ್ ಉಳಿಸಿದೆವು ಅಂತ ಹೇಳಿ, ಊಟದ ಖರ್ಚನ್ನು ಬೀಗರ ಪುಸ್ತಕದಲ್ಲಿ ಬರೆಸಿದ ಹಾಗೆ.

ಊಟದ ಖರ್ಚು ಎಷ್ಟು ಅಂತ ನೋಡಿ. ಒಂದು ಕಿಲೋ ವಿಮಾನ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಕಿಲೋಗೆ ಮೂರು ಕಿಲೋ ಹೇಗೆ ಅಂತ ಆಶ್ಚರ್ಯ ಬೇಡ, ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. ನಾವು ದೇಶದೊಳಗೆ ಹೆಚ್ಚಾಗಿ ಹತ್ತುವ ಎ320 ನಿಯೋ ವಿಮಾನ ಗಂಟೆಗೆ ಎರಡು ಟನ್‌ಗೂ ಸ್ವಲ್ಪ ಮೇಲೆ ಇಂಧನ ಕುಡಿಯುತ್ತದೆ. ಬೆಂಗಳೂರಿನಿಂದ ದೆಹಲಿಗೆ ಅಂದರೆ ಐದಾರು ಟನ್. ಅದರ ಹೊಗೆಯನ್ನು ಕೂತ ಜನಕ್ಕೆ ಹಂಚಿದರೆ ಒಬ್ಬರ ಪಾಲಿಗೆ 100 ಕಿಲೋಗೂ ಜಾಸ್ತಿ. ಹೋಗಿಬಂದರೆ ಅದರ ಎರಡರಷ್ಟು. ಕಿಟಕಿ ಪಕ್ಕ ಕೂತು ಕಾಗದದ ಲೋಟದಲ್ಲಿ ಕಾಫಿ ಕುಡಿದು, ಪ್ಲಾಸ್ಟಿಕ್ ಲೋಟ ಕೊಡಲಿಲ್ಲ ನೋಡಿ ಅಂತ ಸಮಾಧಾನ ಮಾಡಿಕೊಂಡರೆ ಈ 200 ಕಿಲೋ ಎಲ್ಲೂ ಹೋಗುವುದಿಲ್ಲ.

ಇನ್ನು ದೂರದ ಪ್ರಯಾಣ. 2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರುವಾದಾಗ ನಮ್ಮವರಿಗೆ ಎಷ್ಟು ಖುಷಿ! ಬೇ ಏರಿಯಾದಲ್ಲಿ ಮಗಳೋ ಮಗನೋ ಇಲ್ಲದ ಮನೆ ಜಯನಗರ, ಮಲ್ಲೇಶ್ವರದಲ್ಲಿ ಹುಡುಕಬೇಕು. ಸುಮಾರು 14,000 ಕಿ.ಮೀ. ದೂರ. ಎಕಾನಮಿಯಲ್ಲಿ ಒಬ್ಬರು ಹೋಗಿಬಂದರೆ ಎರಡು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್, ಚಿಕ್ಕದಾಗಿ ಇಂಗಾಲ ಅನ್ನೋಣ. ಭಾರತದಲ್ಲಿ ಒಬ್ಬ ಸರಾಸರಿ ಮನುಷ್ಯನ ಇಡೀ ವರ್ಷದ ಪಾಲೂ ಹೆಚ್ಚುಕಮ್ಮಿ ಎರಡೇ ಟನ್. ಅಡುಗೆ, ಫ್ಯಾನು, ಬೈಕು, ಮನೆ ಕಟ್ಟಿದ ಸಿಮೆಂಟು ಎಲ್ಲ ಸೇರಿ. ಮೊಮ್ಮಗು ಹುಟ್ಟಿದಾಗ ಅಜ್ಜಿ ಹೋಗಿ ಬಾಣಂತನ ಮಾಡಿ ಬಂದರೆ ಒಂದು ವರ್ಷದ ಲೆಕ್ಕ ಆ ಎರಡು ವಿಮಾನದಲ್ಲೇ ಮುಗಿಯಿತು. ಅಜ್ಜಿ ಹೋಗಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳೋಕೆ ನನಗೇನು ಹುಚ್ಚಾ?

"ಆದರೆ ವಿಮಾನಗಳದ್ದು ಜಗತ್ತಿನ ಒಟ್ಟು ಇಂಗಾಲದಲ್ಲಿ ಶೇ 2.5 ಮಾತ್ರ" ಅಂತ ಕಂಪನಿಗಳು ಹೇಳುತ್ತವೆ. ಸಂಖ್ಯೆ ಸರಿಯಾಗಿಯೇ ಇದೆ. ಅದನ್ನು ಓದುವಾಗ ಎರಡು ವಿಷಯ ನೆನಪಿಟ್ಟುಕೊಳ್ಳಬೇಕು. ಮೊದಲನೆಯದು, ಆ ಶೇ 2.5 ಮಾಡಿದವರು ಯಾರು ಅನ್ನುವುದು. 2018ರ ಅಂಕಿಗಳನ್ನಿಟ್ಟು ಮಾಡಿದ ಒಂದು ಅಧ್ಯಯನದ ಪ್ರಕಾರ ಆ ವರ್ಷ ವಿಮಾನ ಹತ್ತಿದವರು ಜಗತ್ತಿನ ಜನರಲ್ಲಿ ಶೇ 11ರಷ್ಟು ಮಾತ್ರ. ಅದರಲ್ಲೂ ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟು ಜಗತ್ತಿನ ಶೇ 1 ಜನರದ್ದು. ಎರಡನೆಯದು, ಹೊಗೆ ಅಂದರೆ ಬರೀ ಇಂಗಾಲ ಅಲ್ಲ. ಚಿಕ್ಕವರಿದ್ದಾಗ ಆಕಾಶದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುತ್ತಿದ್ದರೆ "ರಾಕೆಟ್, ರಾಕೆಟ್" ಅಂತ ಅಂಗಳಕ್ಕೆ ಓಡಿಬರುತ್ತಿದ್ದೆವಲ್ಲ, ಆ ಗೆರೆ. ಅದು ಎಂಜಿನ್ನಿನ ಮಸಿಯ ಕಣಗಳಿಗೆ ನೀರಾವಿ ಅಂಟಿ ಹೆಪ್ಪುಗಟ್ಟಿದ ಮಂಜಿನ ಮೋಡ. ಗಾಳಿ ತಣ್ಣಗೆ, ತೇವವಾಗಿದ್ದರೆ ಗಂಟೆಗಟ್ಟಲೆ ಹರಡಿಕೊಂಡು ನಿಂತು ಭೂಮಿಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ರಾತ್ರಿ ಹೊತ್ತು ಇದರ ಕಾಟ ಜಾಸ್ತಿ, ಯಾಕೆಂದರೆ ಹಗಲಲ್ಲಿ ಬಿಸಿಲನ್ನು ವಾಪಸ್ ಕಳಿಸುವ ಉಪಕಾರವನ್ನಾದರೂ ಅದು ಮಾಡುತ್ತದೆ. ಇಂಥವೆಲ್ಲ ಸೇರಿಸಿದರೆ ಭೂಮಿ ಬಿಸಿಯಾಗುವುದರಲ್ಲಿ ವಿಮಾನಗಳ ಪಾಲು ಶೇ 3.5ರಷ್ಟು ಅಂತ ವಿಜ್ಞಾನಿಗಳ ಅಂದಾಜು.

ತಮಾಷೆ ಅಂದರೆ ಈ ಬಿಳಿ ಗೆರೆ ಸಮಸ್ಯೆಯೇ ಎಲ್ಲಕ್ಕಿಂತ ಅಗ್ಗದಲ್ಲಿ ಸರಿಹೋಗಬಹುದಾದದ್ದು. ಕೆಲವೇ ವಿಮಾನಗಳು ಇದರ ಬಹುಪಾಲು ಬಿಸಿ ಹುಟ್ಟಿಸುತ್ತವೆ. 2023ರಲ್ಲಿ ಗೂಗಲ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಸೇರಿ 70 ಹಾರಾಟಗಳಲ್ಲಿ ಎತ್ತರವನ್ನು ಸ್ವಲ್ಪ ಹೆಚ್ಚುಕಮ್ಮಿ ಮಾಡಿ ನೋಡಿದರು. ಗೆರೆಗಳು ಶೇ 54ರಷ್ಟು ಕಡಿಮೆಯಾದವು. ಹೊಸ ವಿಮಾನ ಬೇಡ, ಹೊಸ ಇಂಧನ ಬೇಡ, ಹವಾಮಾನ ನೋಡಿಕೊಂಡು ಪೈಲಟ್ ಸ್ವಲ್ಪ ಮೇಲೆ ಕೆಳಗೆ ಹೋದರೆ ಆಯಿತು. ಇದರ ಬಗ್ಗೆ ಜಾಹೀರಾತು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ಉದ್ಯಮ ಯಾವಾಗಲೂ ತಲಾ ಲೆಕ್ಕ ಹೇಳುತ್ತದೆ, ಒಟ್ಟು ಲೆಕ್ಕ ಹೇಳುವುದಿಲ್ಲ.

ಎ320 ನಿಯೋವನ್ನೇ ತಗೊಳ್ಳಿ. ಹಳೆ ಎ320ಗಿಂತ ಶೇ 15ರಷ್ಟು ಕಡಿಮೆ ಇಂಧನದಲ್ಲಿ ಓಡುತ್ತದೆ. ಭಾರತಕ್ಕೆ ಮೊದಲ ನಿಯೋ ಬಂದದ್ದು 2016ರಲ್ಲಿ, ಇಂಡಿಗೋಗೆ. ಒಳ್ಳೆಯ ಎಂಜಿನಿಯರಿಂಗ್. ಅದರ ಹಿಂದೆ ಎಷ್ಟು ಜನರ ತಲೆ ಓಡಿದೆಯೋ. ಆದರೆ 2014ರಲ್ಲಿ ನಮ್ಮ ದೇಶದೊಳಗಿನ ವಿಮಾನ ಪ್ರಯಾಣಿಕರು ವರ್ಷಕ್ಕೆ ಸುಮಾರು 6.7 ಕೋಟಿ. 2024ರಲ್ಲಿ 16 ಕೋಟಿಗೂ ಜಾಸ್ತಿ. ಶೇ 15 ಉಳಿಸಿ ಎರಡೂವರೆ ಪಟ್ಟು ಓಡಿಸಿದರೆ ಏನಾಗುತ್ತದೆ ಅಂತ ಐದನೇ ಕ್ಲಾಸಿನ ಮಗು ಹೇಳುತ್ತದೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟವು. ಇವೆಲ್ಲ ಹಳೆಯದನ್ನು ತೆಗೆದು ಹೊಸದು ಹಾಕೋಕೆ ತಂದವಲ್ಲ. ಜಗತ್ತಿನ ಕಥೆಯೂ ಹೀಗೇ. 1980ರ ದಶಕದ ಕೊನೆಯಿಂದ ಇಲ್ಲಿಯವರೆಗೆ ಒಬ್ಬರನ್ನು ಒಂದು ಕಿ.ಮೀ. ಹೊತ್ತೊಯ್ಯಲು ಬೇಕಾದ ಇಂಧನ ಅರ್ಧಕ್ಕೂ ಕೆಳಗೆ ಇಳಿದಿದೆ. ವಿಮಾನಗಳ ಒಟ್ಟು ಹೊಗೆ ಮಾತ್ರ ಹೆಚ್ಚುಕಮ್ಮಿ ಎರಡು ಪಟ್ಟಾಗಿದೆ.

ಇಲ್ಲಿಗೆ ಬೋಂಡಾ ಎಣ್ಣೆ ಬರುತ್ತದೆ.

ವಿಮಾನಕ್ಕೆ ಬ್ಯಾಟರಿ ಹಾಕೋಕೆ ಯಾಕೆ ಆಗಲ್ಲ ಅಂತ ಬಹಳ ಜನ ಕೇಳುತ್ತಾರೆ. ಸ್ಕೂಟರ್ ಆಯಿತು, ಕಾರಾಯಿತು, ಬಿಎಂಟಿಸಿ ಬಸ್ಸೂ ಆಯಿತು. ಕಾರಣ ತೂಕ. ಒಂದು ಕಿಲೋ ವಿಮಾನ ಇಂಧನದಲ್ಲಿರುವ ಶಕ್ತಿಯನ್ನು ಬ್ಯಾಟರಿಯಲ್ಲಿ ತುಂಬಬೇಕಾದರೆ ಇವತ್ತಿನ ಬ್ಯಾಟರಿ 40 ಕಿಲೋ ಹತ್ತಿರ ಬೇಕು. ಎಲೆಕ್ಟ್ರಿಕ್ ಮೋಟರ್ ಜಾಣ, ಶಕ್ತಿ ಪೋಲು ಮಾಡುವುದಿಲ್ಲ ಅಂತ ರಿಯಾಯಿತಿ ಕೊಟ್ಟರೂ ದೆಹಲಿ ತಲುಪೋದಿಲ್ಲ. ಜಲಜನಕದ ವಿಮಾನವನ್ನು 2035ಕ್ಕೆ ತರುತ್ತೇವೆ ಅಂತ ಏರ್‌ಬಸ್ ಹೇಳಿತ್ತು, 2025ರಲ್ಲಿ ಅದನ್ನು ಮುಂದಕ್ಕೆ ಹಾಕಿತು. ಹಾಗಾಗಿ ಉಳಿದಿರುವ ಒಂದೇ ದಾರಿ ಈಗಿರುವ ಎಂಜಿನ್ನಿಗೇ ಹೊಂದುವ, ನೆಲದಡಿಯ ಕಚ್ಚಾ ತೈಲದಿಂದ ಬರದ ಇಂಧನ. ಇದನ್ನು ಎಸ್‌ಎಎಫ್, ಅಂದರೆ ಸುಸ್ಥಿರ ವಿಮಾನ ಇಂಧನ ಅನ್ನುತ್ತಾರೆ. ಕರಿದು ಬಿಟ್ಟ ಎಣ್ಣೆ, ಎಥೆನಾಲ್, ಹೊಲದ ಕಸ, ಹೀಗೆ ಹಲವು ಮೂಲ. ಹೊಗೆ ಕೊಳವೆಯಿಂದ ಬರುವ ಇಂಗಾಲ ಅಷ್ಟೇ ಇರುತ್ತದೆ. ಆದರೆ ಅದು ಮೊನ್ನೆ ಮೊನ್ನೆ ಸೂರ್ಯಕಾಂತಿ ಗಿಡವೋ ತಾಳೆ ಮರವೋ ಗಾಳಿಯಿಂದ ಹೀರಿಕೊಂಡಿದ್ದು, ಕೋಟಿ ವರ್ಷದ ಹಿಂದೆ ಹೂತಿಟ್ಟದ್ದಲ್ಲ. ಆ ವ್ಯತ್ಯಾಸದಿಂದ ಲಾಭ. ಕರಿದ ಎಣ್ಣೆಯಿಂದ ಮಾಡಿದ್ದಾದರೆ ಒಟ್ಟಾರೆ ಶೇ 80ರವರೆಗೂ ಉಳಿತಾಯ ಅನ್ನುವ ಲೆಕ್ಕವಿದೆ.

ಇದು ಸುಳ್ಳಲ್ಲ, ಕೆಲಸ ಮಾಡುತ್ತದೆ. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್‌ನ ವಿಮಾನವೊಂದು ಜತ್ರೋಫಾ (ಕಾಡುಹರಳು) ಎಣ್ಣೆಯ ಇಂಧನ ಬೆರೆಸಿಕೊಂಡು ಡೆಹ್ರಾಡೂನಿನಿಂದ ದೆಹಲಿಗೆ ಹಾರಿತು. ಇಂಧನ ಮಾಡಿದ್ದು ಡೆಹ್ರಾಡೂನಿನ ಸಿಎಸ್‌ಐಆರ್ ಪೆಟ್ರೋಲಿಯಂ ಸಂಸ್ಥೆ. 2025ರ ಆಗಸ್ಟ್‌ನಲ್ಲಿ ಇಂಡಿಯನ್ ಆಯಿಲ್‌ನ ಪಾಣಿಪತ್ ಘಟಕಕ್ಕೆ ಕರಿದ ಎಣ್ಣೆಯಿಂದ ವಿಮಾನ ಇಂಧನ ಮಾಡಲು ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿತು. ಅದರ ಗುರಿ ವರ್ಷಕ್ಕೆ 35,000 ಟನ್. ಕೇಳೋಕೆ ದೊಡ್ಡದು. ಭಾರತ ವರ್ಷಕ್ಕೆ ಉರಿಸುವ ವಿಮಾನ ಇಂಧನ ಸುಮಾರು 90 ಲಕ್ಷ ಟನ್. ಭಾಗಿಸಿ ನೋಡಿ, ಶೇ 0.4 ಕೂಡ ಮುಟ್ಟಲ್ಲ. ಸರ್ಕಾರದ ಗುರಿಯೂ ಸಣ್ಣದೇ: 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5. ಅದೂ ಹೊರದೇಶಕ್ಕೆ ಹೋಗುವ ವಿಮಾನಗಳಿಗೆ ಮಾತ್ರ. ಯುರೋಪ್ 2025ರಿಂದ ಶೇ 2 ಕಡ್ಡಾಯ ಮಾಡಿದೆ, 2050ಕ್ಕೆ ಶೇ 70 ಅನ್ನುತ್ತದೆ. ಇಡೀ ಜಗತ್ತಿನಲ್ಲಿ 2024ರಲ್ಲಿ ಉರಿದ ವಿಮಾನ ಇಂಧನದಲ್ಲಿ ಇಂಥದ್ದು ಶೇ 0.3 ಮಾತ್ರ. ಬೆಲೆ ಮಾಮೂಲಿ ಇಂಧನದ ಎರಡರಿಂದ ಐದು ಪಟ್ಟು. ಟಿಕೆಟ್‌ಗೆ ನೂರು ರೂಪಾಯಿ ಹೆಚ್ಚಾದರೆ ಬೇರೆ ಆ್ಯಪ್ ತೆರೆಯುವ ಜನ ನಾವು.

ಇನ್ನು ಎಣ್ಣೆ ಎಲ್ಲಿಂದ ತರುತ್ತೀರಿ? ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ನಿಯಮ ಮಾಡಿದೆ. ಎಣ್ಣೆಯಲ್ಲಿ ಕೆಟ್ಟ ಅಂಶ ಶೇ 25 ದಾಟಿದರೆ ಮತ್ತೆ ಕರಿಯೋ ಹಾಗಿಲ್ಲ, ಅದನ್ನು ಸಂಗ್ರಹಿಸಿ ಜೈವಿಕ ಇಂಧನಕ್ಕೆ ಕೊಡಬೇಕು. ಆದರೆ ನಮ್ಮ ಊರುಗಳ ಬಾಣಲೆಯ ಕಥೆ ನಿಮಗೂ ಗೊತ್ತು. ದೊಡ್ಡ ಹೋಟೆಲಿನಲ್ಲಿ ಕರಿದ ಎಣ್ಣೆ ಸಣ್ಣ ಕ್ಯಾಂಟೀನಿಗೆ ಹೋಗುತ್ತದೆ. ಅಲ್ಲಿಂದ ತಳ್ಳುಗಾಡಿಗೆ. ಗಾಡಿಯವನು ಕೊನೇ ಮೆಣಸಿನಕಾಯಿ ಬಜ್ಜಿ ತೆಗೆಯುವ ಹೊತ್ತಿಗೆ ಬಾಣಲೆಯಲ್ಲಿ ಏನೂ ಮಿಕ್ಕಿರಲ್ಲ. ಎಲ್ಲ ನಮ್ಮ ಹೊಟ್ಟೆಯಲ್ಲೇ ಇರುತ್ತದೆ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಹೊರಗಿಂದ ತರಿಸುವ ದೇಶದಲ್ಲಿ ಕರಿದ ಎಣ್ಣೆಗೆ ಒಳ್ಳೆ ಬೆಲೆ ಬಂತು ಅನ್ನಿ, ಹೊಸ ತಾಳೆ ಎಣ್ಣೆಯನ್ನೇ "ಕರಿದದ್ದು" ಅಂತ ಮಾರುವ ಆಸೆ ಯಾರಿಗೂ ಬರಲ್ಲ ಅಂತೀರಾ? ಏಷ್ಯಾದಿಂದ ಹೋಗುವ ಕರಿದ ಎಣ್ಣೆಯ ಬಗ್ಗೆ ಯುರೋಪಿನಲ್ಲಿ ಈ ಅನುಮಾನ ಆಗಲೇ ಎದ್ದಿದೆ.

ಜೈವಿಕ ಇಂಧನದ ಕನಸು ನಮಗೆ ಹೊಸದೂ ಅಲ್ಲ. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ 20 ಜೈವಿಕ ಎಣ್ಣೆ ಇರಬೇಕು ಅಂದಿತ್ತು. ಊರೂರಿನ ಪಾಳುಭೂಮಿಯಲ್ಲಿ ಜತ್ರೋಫಾ ನೆಟ್ಟರು. ಕರ್ನಾಟಕದಲ್ಲಿ ಹೊಂಗೆಗೆ "ಬರಡು ಬಂಗಾರ", "ಹಸಿರು ಹೊನ್ನು" ಅಂತ ಚಂದದ ಹೆಸರಿನ ಯೋಜನೆಗಳು ಬಂದವು. ಹೊಂಗೆ ನೆರಳು ಕೊಟ್ಟಿತು, ಅದು ಅದರ ಹಳೆಯ ಕೆಲಸ. ಡೀಸೆಲ್‌ನಲ್ಲಿ ಶೇ 20 ಮಾತ್ರ ಬರಲಿಲ್ಲ. ಈಗ ಎಥೆನಾಲ್‌ನಿಂದ ವಿಮಾನ ಇಂಧನ ಅನ್ನುತ್ತಿದ್ದಾರೆ. ಎಥೆನಾಲ್‌ನ ಒಂದು ಮುಖ್ಯ ಮೂಲ ಕಬ್ಬು, ಕಬ್ಬು ಅಂದರೆ ನೀರು. ಮಂಡ್ಯದವರಿಗೂ ಬೆಳಗಾವಿಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿ ನೀರಿಗೆ ಎರಡು ರಾಜ್ಯ ಜಗಳ ಆಡುವಾಗ ಅದೇ ನೀರು ಕಬ್ಬಾಗಿ, ಕಬ್ಬು ಇಂಧನವಾಗಿ, ದುಬೈ ವಿಮಾನದ ರೆಕ್ಕೆಯೊಳಗೆ ಸೇರುವುದು "ಸುಸ್ಥಿರ" ಅಂತ ನನಗೆ ಅನ್ನಿಸುವುದಿಲ್ಲ.

ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಚೌಕ ಬರುತ್ತದಲ್ಲ, ಇಷ್ಟು ರೂಪಾಯಿ ಕೊಟ್ಟರೆ ನಿಮ್ಮ ಪ್ರಯಾಣದ ಇಂಗಾಲ ಸೊನ್ನೆ, ನಿಮ್ಮ ಹೆಸರಿನಲ್ಲಿ ಎಲ್ಲೋ ಮರ ಉಳಿಸುತ್ತೇವೆ ಅಂತ. ನಾನೂ ಒಂದೆರಡು ಸಲ ಟಿಕ್ ಮಾಡಿದ್ದೇನೆ. ಎಲ್ಲಿಯ ಮರ, ಯಾರ ಕಾಡು ಅಂತ ಆಮೇಲೆ ಹುಡುಕಿದರೆ ಒಂದು ಚಂದದ ಫೋಟೋ ಬಿಟ್ಟು ಏನೂ ಸಿಗಲಿಲ್ಲ. ಇದರ ತೊಡಕು ಸರಳ: ವಿಮಾನ ಉರಿಸಿದ ಇಂಧನ ಖಂಡಿತ ಉರಿದಾಗಿದೆ, ಆ ಕಾಡು ನಿಮ್ಮ ದುಡ್ಡಿಲ್ಲದಿದ್ದರೆ ಕಡಿದುಹೋಗುತ್ತಿತ್ತು ಅನ್ನುವುದು ಬರೀ ಊಹೆ. 2023ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮತ್ತಿತರರ ತನಿಖೆ ಇಂಥ ಮಳೆಕಾಡಿನ ಕ್ರೆಡಿಟ್‌ಗಳಲ್ಲಿ (ಕಾಡು ಉಳಿಸಿ ಇಷ್ಟು ಇಂಗಾಲ ತಡೆದೆವು ಅಂತ ಮಾರುವ ಚೀಟಿ) ಬಹುಪಾಲು ಗಾಳಿಯಲ್ಲಿ ಕಟ್ಟಿದ ಲೆಕ್ಕ ಅಂತ ಹೇಳಿತು. ಪ್ರಮಾಣಪತ್ರ ಕೊಟ್ಟ ಸಂಸ್ಥೆ ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಕೋರ್ಟು ಕೆಎಲ್‌ಎಂ ಕಂಪನಿಯ ಹಸಿರು ಜಾಹೀರಾತುಗಳು ಗ್ರಾಹಕರ ದಾರಿ ತಪ್ಪಿಸುವಂತಿದ್ದವು ಅಂತ ತೀರ್ಪು ಕೊಟ್ಟಿತು. ಮುಂದಿನ ತಿಂಗಳೇ ಯುರೋಪಿನ ಆಯೋಗ 20 ವಿಮಾನ ಕಂಪನಿಗಳಿಗೆ ಇಂಥದ್ದೇ ವಿಷಯಕ್ಕೆ ಪತ್ರ ಬರೆಯಿತು. ಅದೇ ವರ್ಷ ಜುಲೈನಲ್ಲಿ ಏರ್ ನ್ಯೂಜಿಲೆಂಡ್ 2030ರ ತನ್ನ ಇಂಗಾಲದ ಗುರಿಯನ್ನೇ ಕೈಬಿಟ್ಟಿತು. ಹೊಸ ವಿಮಾನ ಸಮಯಕ್ಕೆ ಬರುತ್ತಿಲ್ಲ, ಹಸಿರು ಇಂಧನ ಕೈಗೆಟುಕುತ್ತಿಲ್ಲ ಅಂತ ಕಾರಣ ಕೊಟ್ಟಿತು. ಎಲ್ಲರೂ ಬೈದರು. ನನಗೆ ಮಾತ್ರ, ಕೊನೆಗೂ ಒಬ್ಬರು ನಿಜ ಹೇಳಿದರು ಅನ್ನಿಸಿತು.

ಅಂದಹಾಗೆ ಇಂಥ ತೋರಿಕೆಯ ಪರಿಸರ ಕಾಳಜಿಗೆ "ಗ್ರೀನ್‌ವಾಷಿಂಗ್", ಅಂದರೆ ಹಸಿರು ಬಣ್ಣ ಬಳಿಯೋದು, ಅನ್ನುವ ಇಂಗ್ಲಿಷ್ ಪದ ಹುಟ್ಟಿದ್ದೇ ಪ್ರವಾಸೋದ್ಯಮದಿಂದ. 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಅನ್ನುವ ಪರಿಸರವಾದಿ, ಹೋಟೆಲ್ ರೂಮಿನಲ್ಲಿ "ಭೂಮಿ ಉಳಿಸಲು ಟವೆಲ್ ಮತ್ತೆ ಬಳಸಿ" ಅಂತ ಇಡುವ ಚೀಟಿಯ ಬಗ್ಗೆ ಬರೆಯುವಾಗ ಬಳಸಿದ ಪದ ಅದು. ಟವೆಲ್ ಒಗೆಯುವ ಖರ್ಚು ಹೋಟೆಲಿಗೆ ಉಳಿಯಿತು, ಹೆಸರು ಭೂಮಿಗೆ. ನಲವತ್ತು ವರ್ಷ ಆಗುತ್ತಾ ಬಂತು, ಆ ಚೀಟಿ ಮಡಿಕೇರಿಯ ರೆಸಾರ್ಟಿನಲ್ಲೂ ಇದೆ. ಪಕ್ಕದಲ್ಲೇ ಈಜುಕೊಳ ಇರುತ್ತದೆ.

ಪ್ರವಾಸದ ವಿಷಯದಲ್ಲಿ ಮಾತ್ರ ಒಂದು ಒಳ್ಳೆ ಬದಲಾವಣೆ ಕಾಣಿಸುತ್ತಿದೆ. ಅಲ್ಲಿ ಜನ ಒಟ್ಟು ಲೆಕ್ಕ ಹಾಕೋಕೆ ಶುರು ಮಾಡಿದ್ದಾರೆ. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಇರುವೆ ಸಾಲಿನಂತೆ ನಿಂತ ಜನರ ಫೋಟೋ ನೆನಪಿದೆಯಾ? ಜಾತ್ರೆಯೂ ನಾಚಬೇಕು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಹಾಕಿತು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು. ಮರುವರ್ಷದ ಬೇಸಿಗೆಯಲ್ಲಿ ಊಟಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನ ಅಂತ ಮಿತಿಯೂ ಬಂತು. 2025ರಲ್ಲಿ ಮುಳ್ಳಯ್ಯನಗಿರಿಗೂ ಇದೇ ರೀತಿ ಮೊದಲೇ ನೋಂದಾಯಿಸುವ ವ್ಯವಸ್ಥೆ ಮಾಡಿದರು. ಭೂತಾನ್ ಬಹಳ ಹಿಂದಿನಿಂದಲೂ ಹೀಗೇ. ನಮ್ಮವರಿಂದ ರಾತ್ರಿಗೆ 1,200 ರೂಪಾಯಿ, ಬೇರೆ ವಿದೇಶಿಯರಿಂದ 100 ಡಾಲರ್ ತಗೊಳ್ಳುತ್ತದೆ.

ಇವುಗಳಲ್ಲಿ ತೊಂದರೆ ಇಲ್ಲ ಅಂತಲ್ಲ. ಸರ್ವರ್ ಕೈಕೊಡುತ್ತದೆ, ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ, ಹೋಮ್‌ಸ್ಟೇಯವರು ಗೊಣಗುತ್ತಾರೆ, ಮುಳ್ಳಯ್ಯನಗಿರಿ ಸಿಗದವರು ಪಕ್ಕದ ಬೆಟ್ಟ ಹತ್ತುತ್ತಾರೆ. ಆದರೂ ಪ್ರಶ್ನೆ ಸರಿಯಾಗಿದೆ. ಬರುವ ಒಬ್ಬೊಬ್ಬನೂ ಬಿದಿರಿನ ಬ್ರಷ್ ತಂದಿದ್ದಾನಾ ಅಂತ ಕೇಳುತ್ತಿಲ್ಲ, ಈ ಬೆಟ್ಟ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಅಂತ ಕೇಳುತ್ತಿದ್ದಾರೆ.

ಆಕಾಶಕ್ಕೆ ಇದೇ ಪ್ರಶ್ನೆ ಕೇಳಿದವರ ಗತಿ ಏನಾಯಿತು ನೋಡಿ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಹಾರಾಟಗಳ ಸಂಖ್ಯೆ ಇಳಿಸುತ್ತೇವೆ ಅಂತ ಡಚ್ ಸರ್ಕಾರ ಹೊರಟಿತು, ಮುಖ್ಯವಾಗಿ ಸದ್ದು ತಡೆಯಲಾರದೆ. ವಿಮಾನ ಕಂಪನಿಗಳು, ಅಮೆರಿಕ ಎಲ್ಲ ಸೇರಿ ಗದ್ದಲ ಎಬ್ಬಿಸಿದ ಮೇಲೆ 2023ರ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ಫ್ರಾನ್ಸ್ 2023ರ ಮೇ ತಿಂಗಳಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕಡೆ ವಿಮಾನ ಬೇಡ ಅಂತ ಕಾನೂನು ಜಾರಿ ಮಾಡಿತು. ಜಗತ್ತೇ ಮಾತಾಡಿತು. ಕೊನೆಗೆ ವಿಮಾನ ನಿಂತದ್ದು ಮೂರೇ ಮಾರ್ಗದಲ್ಲಿ. ಸ್ವೀಡನ್ 2018ರಲ್ಲಿ ಹಾಕಿದ ವಿಮಾನ ತೆರಿಗೆಯನ್ನು 2025ರ ಜುಲೈನಲ್ಲಿ ತೆಗೆದೇಬಿಟ್ಟಿತು. ವಿಮಾನ ಹತ್ತೋಕೆ ನಾಚಿಕೆ ಆಗಬೇಕು ಅನ್ನುವ ಮಾತು ಹುಟ್ಟಿದ ದೇಶ ಅದು! ದೇಶದಿಂದ ದೇಶಕ್ಕೆ ಹಾರುವ ವಿಮಾನದ ಇಂಧನಕ್ಕಂತೂ 1944ರ ಶಿಕಾಗೊ ಒಪ್ಪಂದ ಮತ್ತು ಆಮೇಲಿನ ಒಪ್ಪಂದಗಳ ಕಾರಣ ಬಹುತೇಕ ತೆರಿಗೆಯೇ ಇಲ್ಲ. ನಮ್ಮ ಆಟೋದವನು ಕಟ್ಟುತ್ತಾನೆ. ಇನ್ನು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯ ಕೋರ್ಸಿಯಾ ಅನ್ನುವ ವ್ಯವಸ್ಥೆ ಇದೆ, ಭಾರತ 2027ರಲ್ಲಿ ಸೇರಬೇಕು. ಅದು ಕೇಳುವುದು ಇಷ್ಟೇ: 2019ರ ಹೊಗೆಯ ಶೇ 85ನ್ನು ದಾಟಿದ್ದಕ್ಕೆ ಕ್ರೆಡಿಟ್ ಕೊಂಡುಕೊಳ್ಳಿ. ಅದೇ ಮರದ ಫೋಟೋ, ಸ್ವಲ್ಪ ದೊಡ್ಡ ಚೌಕಟ್ಟು. ದೇಶದೊಳಗಿನ ಹಾರಾಟ ಅದರಲ್ಲಿ ಬರುವುದೇ ಇಲ್ಲ.

ಹಾಗಾದರೆ ಒಟ್ಟು ಲೆಕ್ಕ ಇಳಿಯೋದು ಹೇಗೆ? ಕಲಬುರಗಿಯಿಂದ ಮೊದಲ ಸಲ ವಿಮಾನ ಹತ್ತುವ ಹುಡುಗಿಗೆ ನೀನು ಹತ್ತಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ, ನಲವತ್ತು ವರ್ಷ ಹಾರಾಡಿ ಮುಗಿಸಿದ ಯುರೋಪಿನವರಿಗಂತೂ ಮೊದಲೇ ಇಲ್ಲ. ಇಲ್ಲಿಯೇ ನಾನು ಆ ರೈಲಿಗೆ ವಾಪಸ್ ಬರುತ್ತೇನೆ.

ಬೆಂಗಳೂರಿನಿಂದ ಚೆನ್ನೈಗೆ ವಂದೇ ಭಾರತ್ ನಾಲ್ಕೂವರೆ ಗಂಟೆಯೊಳಗೆ ಹೋಗುತ್ತದೆ. ವಿಮಾನ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ. ಆದರೆ ಬಸವನಗುಡಿಯಿಂದ ದೇವನಹಳ್ಳಿಗೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ, ಅಲ್ಲಿ ಚೆಕ್‌ಇನ್, ಸಾಲು, ಕಾಯುವುದು, ಆ ಕಡೆ ಮೀನಂಬಾಕ್ಕಂನಿಂದ ಊರೊಳಗೆ ಇನ್ನೊಂದು ಗಂಟೆ. ಐದು ಗಂಟೆ ಆಗಿಯೇ ಹೋಯಿತು. ಹದಿನಾರು ಬೋಗಿಯ ಒಂದು ವಂದೇ ಭಾರತ್‌ನಲ್ಲಿ 1,128 ಸೀಟು. ಅಷ್ಟು ಜನಕ್ಕೆ 186 ಸೀಟಿನ ವಿಮಾನ ಆರಕ್ಕೂ ಮೇಲೆ ಬೇಕು. ನಮ್ಮ ಕರೆಂಟಿನಲ್ಲಿ ಈಗಲೂ ದೊಡ್ಡ ಪಾಲು ಕಲ್ಲಿದ್ದಲಿನದ್ದು, ಒಪ್ಪುತ್ತೇನೆ. ಹಾಗಿದ್ದರೂ ಹಳಿ ಮೇಲೆ ಉರುಳುವುದಕ್ಕೂ ಟನ್‌ಗಟ್ಟಲೆ ತೂಕವನ್ನು ಮೂವತ್ತು ಸಾವಿರ ಅಡಿಗೆ ಎತ್ತುವುದಕ್ಕೂ ಹೋಲಿಕೆಯೇ ಇಲ್ಲ. ಮೇಲಾಗಿ ಗ್ರಿಡ್‌ಗೆ ಒಂದೊಂದು ಸೋಲಾರ್ ಪಾರ್ಕ್ ಸೇರಿದಾಗಲೂ ರೈಲು ತಾನಾಗಿ ಇನ್ನಷ್ಟು ಹಸಿರಾಗುತ್ತದೆ. ಪಾವಗಡದ ಬಿಸಿಲನ್ನು ಟ್ರೈನ್ ಬಳಸಬಹುದು, ವಿಮಾನ ಬಳಸಲಾರದು.

ಜನ ರೈಲಿಗೆ ಬರುತ್ತಾರಾ? ಬರುತ್ತಾರೆ, ಹೊತ್ತು ಉಳಿದರೆ. ಸ್ಪೇನ್‌ನ ಮ್ಯಾಡ್ರಿಡ್–ಬಾರ್ಸಿಲೋನಾ ಒಂದು ಕಾಲಕ್ಕೆ ಜಗತ್ತಿನ ಅತಿ ಹೆಚ್ಚು ವಿಮಾನ ಓಡಾಡುವ ಮಾರ್ಗಗಳಲ್ಲಿ ಒಂದು. 2008ರಲ್ಲಿ ಎರಡೂವರೆ ಗಂಟೆಯ ರೈಲು ಬಂತು. ಈಗ ಅಲ್ಲಿ ರೈಲಿನದ್ದೇ ಮೇಲುಗೈ. ಯಾರೂ ಯಾರಿಗೂ ನಾಚಿಕೆ ಆಗುವಂತೆ ಮಾಡಲಿಲ್ಲ, ಉಪದೇಶ ಕೊಡಲಿಲ್ಲ. ಇತ್ತ ನಾವು ಸಣ್ಣ ಊರುಗಳಿಗೆ ವಿಮಾನ ಹಾರಿಸೋಕೆ ಉಡಾನ್ ಯೋಜನೆಯಲ್ಲಿ ಸಬ್ಸಿಡಿ ಕೊಟ್ಟೆವು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ಪ್ರಕಾರ ಉಡಾನ್‌ನ ಮೊದಲ ಮೂರು ಹಂತಗಳ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಸಬ್ಸಿಡಿ ಅವಧಿ ಮುಗಿದ ಮೇಲೂ ಉಳಿದವು 54. ಅವತ್ತು ನವೆಂಬರ್ 11ಕ್ಕೆ ಮೆಜೆಸ್ಟಿಕ್ಕಿನಲ್ಲಿ ಇನ್ನೊಂದು ರೈಲಿಗೂ ಬಾವುಟ ತೋರಿಸಿದ್ದರು, ನಮ್ಮ ಮುಜರಾಯಿ ಇಲಾಖೆಯ ಕಾಶಿ ಯಾತ್ರೆ ರೈಲು. ಆಗ ಯಾತ್ರಿಗೆ 5,000 ರೂಪಾಯಿ ಸರ್ಕಾರದ ನೆರವು ಇತ್ತು. ಯಾವ ಪರಿಸರ ಮಾತೂ ಆಡದೆ ನಡೆದ ಒಳ್ಳೆಯ ಪರಿಸರ ಯೋಜನೆ ಅದು ಅಂತ ನನ್ನ ಅಭಿಪ್ರಾಯ.

ರೈಲು ಎಲ್ಲದಕ್ಕೂ ಮದ್ದು ಅಂತ ಹೇಳಿದರೆ ಮಂಗಳೂರಿನವರು ನಗುತ್ತಾರೆ. ಬೆಂಗಳೂರು–ಮಂಗಳೂರು ರಸ್ತೆಯಲ್ಲಿ 350 ಕಿ.ಮೀ., ರೈಲಿಗೆ ಒಂದು ಇಡೀ ರಾತ್ರಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ ಅದು ತೆವಳುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಹಳಿ ಕೆಳಗಿನ ಮಣ್ಣು ಕುಸಿದು ಓಡಾಟವೇ ನಿಂತಿತ್ತು. ಅದನ್ನು ವೇಗವಾಗಿ ಮಾಡಬೇಕು ಅಂದರೆ ಅದೇ ಬೆಟ್ಟವನ್ನು ಇನ್ನಷ್ಟು ಕೊರೆಯಬೇಕು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಪ್ಪತ್ತೈದು ವರ್ಷದಿಂದ ನಿಂತಿರುವುದೂ ಕಾಡಿನ ಕಾರಣಕ್ಕೆ, ಅದನ್ನು ತಡೆದವರೂ ಪರಿಸರದವರೇ. ಅವರು ತಪ್ಪು ಅಂತ ಹೇಳಲಾರೆ. ನನ್ನ ಪ್ರಕಾರ ಮಂಗಳೂರಿಗೆ ವಿಮಾನ ಇರಲಿ, ಅಮೆರಿಕದ ಅಜ್ಜಿಗೂ ಇರಲಿ. ಇರುವ ಬೋಂಡಾ ಎಣ್ಣೆ ಅಂಥ ಕಡೆಗೇ ಹೋಗಲಿ. ಚೆನ್ನೈಗೆ, ಹೈದರಾಬಾದಿಗೆ, ಹುಬ್ಬಳ್ಳಿಗೆ ಬಯಲಲ್ಲಿ ಹಳಿ ಇದೆಯಲ್ಲ, ಅಲ್ಲಿ ಹಾರುವುದು ಸುಮ್ನೆ ದಂಡ.

ಮುಂಬೈ ಮಾತ್ರ ನನಗೆ ಬಗೆಹರಿಯದ ಲೆಕ್ಕ. ಬೆಂಗಳೂರು–ಮುಂಬೈ ದೇಶದ ಅತಿ ದಟ್ಟ ವಿಮಾನ ಮಾರ್ಗಗಳಲ್ಲಿ ಒಂದು, ಸುಮಾರು ಒಂದೂಮುಕ್ಕಾಲು ಗಂಟೆ. ಉದ್ಯಾನ್ ಎಕ್ಸ್‌ಪ್ರೆಸ್ 1,150 ಕಿ.ಮೀ. ಹೋಗಲು 23-24 ಗಂಟೆ ತಗೊಳ್ಳುತ್ತದೆ. ಗಂಟೆಗೆ ಐವತ್ತು ಕಿ.ಮೀ. ಕೂಡ ಇಲ್ಲ. ಮುಂದಿನ ತಿಂಗಳು ಸೋದರತ್ತೆ ಮಗಳ ಮದುವೆಗೆ ಮಾಟುಂಗಕ್ಕೆ ಹೋಗಬೇಕು, ರಜೆ ಎರಡೇ ದಿನ. ಇಷ್ಟೆಲ್ಲ ಬರೆದ ನಾನು ವಿಮಾನವನ್ನೇ ಬುಕ್ ಮಾಡಿದ್ದೇನೆ. ಸಂಜೆ ಹತ್ತಿದರೆ ಬೆಳಿಗ್ಗೆ ದಾದರ್‌ನಲ್ಲಿ ಇಳಿಸುವ ಒಂದು ರೈಲು ಇದ್ದಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಮರ ಉಳಿಸುವ ಆ ಚೌಕವನ್ನು ಈ ಸಲ ಖಾಲಿ ಬಿಟ್ಟಿದ್ದೇನೆ.